ಐದರ ಮುಂದಿನ ಒಂದು

ಹಳೆಯ ಕಂಪಾಸ್ ಬಾಕ್ಸಿನ ಮುಚ್ಚಳ ತೆಗೆದ ಕೂಡಲೇ ಮಗ್ಗದ ಎಣ್ಣೆಯ ವಾಸನೆ ಬಂತು. ನಲವತ್ತು ವರ್ಷಗಳ ಮೇಲೆ ವಾಸನೆ ಉಳಿದಿರುತ್ತದೆಯೇ, ಅದು ನನ್ನ ಮೂಗಿನ ಇಮ್ಯಾಜಿನೇಷನ್ನೇ ಇರಬೇಕು ಎಂದುಕೊಂಡೆ. ಒಳಗೆ ಇಪ್ಪತ್ತು ಮುಖಗಳ ಒಂದು ನೀಲಿ ದಾಳ, ಅದರ ಕೆಳಗೆ ನಾಲ್ಕು ಮಡಿಕೆ ಹಾಕಿದ ಒಂದು ಹಾಳೆ. ದಾಳವನ್ನು ಕೈಗೆ ತೆಗೆದುಕೊಂಡೆ. ಹಾಳೆಯನ್ನು ಬಿಚ್ಚಲು ಸ್ವಲ್ಪ ಹೊತ್ತು ಧೈರ್ಯ ಬರಲಿಲ್ಲ.

ಎಂಬತ್ತರ ದಶಕದ ಶುರುವಿನ ಮಾತು. ನಾನು ಕೊಲ್ಹಾಪುರದ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ, ರಜೆಗೆ ಇಚಲಕರಂಜಿಯ ಮನೆಗೆ ಬರುತ್ತಿದ್ದೆ. ನಮ್ಮ ಹಿತ್ತಲಿಗೆ ಅಂಟಿಕೊಂಡೇ ಪಕ್ಕದ ಮನೆಯ ಕಾಕಾನ ಪವರ್‌ಲೂಮ್ ಶೆಡ್ ಇತ್ತು. ಹಗಲೂ ರಾತ್ರಿ ಖಟಖಟ. ವಾರಕ್ಕೊಂದು ದಿನ ಮಾತ್ರ ಊರಿಗೆ ಕರೆಂಟ್ ಇರುತ್ತಿರಲಿಲ್ಲ. ಆ ದಿನ ಎಂಥ ಸೈಲೆನ್ಸ್ ಅಂದರೆ, ನಮ್ಮ ದನಿ ನಮಗೇ ದೊಡ್ಡದಾಗಿ ಕೇಳಿ ಎಲ್ಲರೂ ಪಿಸುಮಾತು ಆಡುತ್ತಿದ್ದೆವು.

ಕಾಕಾ ಜವಳಿ ಇಂಜಿನಿಯರಿಂಗ್ ಕಲಿಯಲು ಇಂಗ್ಲೆಂಡಿಗೆ ಹೋಗಿ ಬಂದವರು. ಬರುವಾಗ ಎಲ್ಲರೂ ಸೆಂಟು, ಸ್ವೆಟರು ತಂದರೆ ಇವರು ಒಂದು ಆಟದ ಡಬ್ಬಿ ತಂದಿದ್ದರು. ಅದಕ್ಕೆ ಬೋರ್ಡಿಲ್ಲ, ಕಾಯಿಲ್ಲ. ಕಾಕಾ ಕಥೆ ಹೇಳುವುದು, ನಾವು ಆ ಕಥೆಯೊಳಗಿನ ವೀರರಾಗಿ ನೆಲಮಾಳಿಗೆ, ರಾಕ್ಷಸರು, ನಿಧಿ ಎಂದು ತಿರುಗುವುದು. ಕರೆಂಟಿಲ್ಲದ ದಿನ ಶೆಡ್ಡಿನ ಮೇಜಿನ ಮೇಲೆ ಆಡುತ್ತಿದ್ದೆವು. ಆಡುವವರು ಇಬ್ಬರೇ. ಒಬ್ಬಳು ನಾನು, ಇನ್ನೊಬ್ಬಳು ಶೆಡ್ಡಿನಲ್ಲಿ ಕಾಂಡಿಗೆ, ಅಂದರೆ ಮಗ್ಗದ ಉರುಳೆಗೆ, ನೂಲು ಸುತ್ತುತ್ತಿದ್ದ, ಪಕ್ಕದ ಹಳ್ಳಿ ಕೊರೋಚಿಯಿಂದ ನಡೆದು ಬರುತ್ತಿದ್ದ ಕೆಲಸದಾಕೆ; ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದೆವು. ಅವಳಿಗೆ ಓದಲು ಬರುತ್ತಿರಲಿಲ್ಲ. ಆಡುವವರ ಅಂಕಿ ಬರೆದಿಡಲು ಒಬ್ಬೊಬ್ಬರಿಗೆ ಒಂದೊಂದು ಹಾಳೆ; ಅವಳ ಹಾಳೆಯಲ್ಲಿ ಕಾಕಾ ಅಂಕಿಗಳ ಬದಲು ಗೀಟು ಎಳೆದುಕೊಟ್ಟಿದ್ದರು.

ಆಟ ಶುರುವಾಗುವ ಮೊದಲು ಪ್ರತಿಯೊಬ್ಬರಿಗೂ ಆರು ಗುಣ: ಬಲ, ಬುದ್ಧಿ, ವಿವೇಕ, ಚುರುಕು, ತಾಳಿಕೆ, ವರ್ಚಸ್ಸು. ಮೂರು ದಾಳ ಉರುಳಿಸಿ ಕೂಡಿಸಿದರೆ ಒಂದು ಗುಣದ ಅಂಕಿ. ಬಿದ್ದಷ್ಟೇ ನಿನ್ನದು, ಬದಲಿಸುವಂತಿಲ್ಲ. ಮುಂದೆ ಆಟದಲ್ಲಿ ಬಾಗಿಲು ಮುರಿಯಬೇಕೆಂದರೆ ಈ ನೀಲಿ ದಾಳ ಉರುಳಿಸಬೇಕು. ನಿನ್ನ ಬಲದ ಅಂಕಿಯನ್ನು ಮೀರದೆ ಬಿದ್ದರೆ ಬಾಗಿಲು ಮುರಿಯಿತು.

ಮಾವಶಿಗೆ ಬಲ ಹದಿನೇಳು ಬಿತ್ತು, ಬುದ್ಧಿ ಆರು.

"ಬುದ್ಧಿ ಆರ ಅಂತ! ನನ್ನ ಗಂಡ ಇದನ್ನ ದಿನಾ ಪುಕ್ಕಟೆ ಹೇಳ್ತಾನಲ್ರಿ, ಇಂಗ್ಲೆಂಡಿಂದ ದಾಳ ಯಾಕ ತರಬೇಕಿತ್ತ?" ಎಂದು ನಕ್ಕಳು.

ನನಗೆ ವರ್ಚಸ್ಸು ಹದಿನಾರು ಬಂತು. ಬಲಕ್ಕೆ ಎರಡು, ಎರಡು, ಒಂದು... ಐದು! ಕಾಕಾ ತಮ್ಮ ಮೋಟು ಪೆನ್ಸಿಲಿನಿಂದ ಬರೆದುಕೊಟ್ಟರು. ಕ್ಲಾಸಿನಲ್ಲಿ ಮೊದಲ ಮೂರು ರ‍್ಯಾಂಕಿನ ಕೆಳಗೆ ಎಂದೂ ಇಳಿಯದ ಹುಡುಗಿ ನಾನು. ಆ ಐದು ನನಗೆ ರಿಪೋರ್ಟ್ ಕಾರ್ಡಿನ ಕೆಂಪು ಗೆರೆಯಂತೆ ಕಂಡಿತು. ಮುಖ ಊದಿಸಿಕೊಂಡು ಕೂತೆ.

"ಇವು ಮಾರ್ಕ್ಸ್ ಅಲ್ಲವ್ವಾ," ಎಂದರು ಕಾಕಾ. "ಎಲ್ಲಿ ನೀ ಕೈ ಹಾಕಬೇಕು, ಎಲ್ಲಿ ಇನ್ನೊಬ್ಬರನ್ನ ಕರೀಬೇಕು, ಅದನ್ನ ತಿಳಕೊಳ್ಳಾಕ ಅದಾವ. ಐದು ಅಂತ ಗೊತ್ತಿದ್ದಾಕಿ ಬದುಕ್ತಾಳ. ಗೊತ್ತಿಲ್ದಾಕಿ ತಾನೂ ಸಾಯ್ತಾಳ, ಸಂಗಡ ಇದ್ದವರನ್ನೂ ಸಾಯಿಸ್ತಾಳ."

ಅಂದು ಮನೆಗೆ ಹೋಗಿ ನನ್ನ ಫೌಂಟನ್ ಪೆನ್ನಿನಿಂದ ಐದರ ಮುಂದೆ ಒಂದು ಗೀಟು ಎಳೆದೆ. ಹದಿನೈದು. ಎಷ್ಟು ಈಸಿ...

ಮೂರು ವಾರ ಯಾರೂ ಗಮನಿಸಲಿಲ್ಲ, ಅಥವಾ ನಾನು ಹಾಗೆಂದುಕೊಂಡೆ. ನಾಲ್ಕನೆಯ ವಾರ ಕಥೆಯಲ್ಲಿ ಕಬ್ಬಿಣದ ಹೆಬ್ಬಾಗಿಲು ಮೇಲಿನಿಂದ ಇಳಿಯುತ್ತಿತ್ತು, ನಾವು ಅದರಡಿಯಿಂದ ಪಾರಾಗಬೇಕಿತ್ತು.

"ನಾ ಎತ್ತತೇನಿ, ಸರಿ ನೀ. ನಂದು ಹದಿನೇಳ ಐತಿ," ಎಂದಳು ಮಾವಶಿ.

"ಬ್ಯಾಡ, ನಾನ ಎತ್ತತೇನಿ. ನಂದೂ ಹದಿನೈದು."

ಮಾವಶಿ ಸೊಟ್ಟ ಮುಖ ಮಾಡಿ, "ಎತ್ತು ಹಂಗಾರ ಮಹಾರಾಣಿ, ನಾ ಕಪ್ಪು ತೊಳಕೊಂಡ ಬರ್ತೇನಿ," ಎಂದು ಚಹಾದ ಕಪ್ಪುಗಳನ್ನು ಎತ್ತಿಕೊಂಡು ಅಂಗಳದ ನಲ್ಲಿಗೆ ಹೋದಳು. ಕಾಕಾ ನನ್ನ ಹಾಳೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಖರೇ ಹದಿನೈದ?"

"ಹೌದ್ರಿ ಕಾಕಾ."

ದಾಳ ಉರುಳಿಸಿದೆ. ಕೈ ಬೆವೆತಿತ್ತೋ ಏನೋ, ಅದು ಮೇಜಿನಿಂದ ಜಾರಿ, ಪುಟಿದು, ಗೋಡೆಯ ಪಕ್ಕದ ಮಗ್ಗದ ಕೆಳಗೆ ಹೋಯಿತು. ಕಾಕಾ ತುಂಬುತೋಳಿನ ಅಂಗಿಯಲ್ಲೇ ನೆಲಕ್ಕೆ ಬೋರಲು ಮಲಗಿ, ಮೋಟರಿನಿಂದ ಗಾಲಿಗೆ ಸುತ್ತಿದ ಬೆಲ್ಟಿನ ಪಟ್ಟದ ಹಿಂದೆ ಕೈ ಚಾಚಿದರು.

ಇಲ್ಲಿ ನಮ್ಮೂರಿನ ಒಂದು ರೂಢಿ ಹೇಳಬೇಕು. ಕರೆಂಟಿಲ್ಲದ ದಿನ ಯಾರೂ ಶೆಡ್ಡಿನ ಮೇನ್ ಸ್ವಿಚ್ ಆಫ್ ಮಾಡುತ್ತಿರಲಿಲ್ಲ. ಸಂಜೆ ಕರೆಂಟ್ ಬಂದ ಕ್ಷಣಕ್ಕೆ ಮೋಟರುಗಳು ಗುಂಯ್ ಎನ್ನಬೇಕು, ಆ ಸದ್ದು ಕೇಳಿ ಕೆಲಸದವರು ಓಡಿ ಬರಬೇಕು. ಒಂದು ನಿಮಿಷವೂ ದಂಡವಾಗಬಾರದು. ಸಂಜೆಗೆ ಮೊದಲು ಕರೆಂಟ್ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಅಂದು ಮಧ್ಯಾಹ್ನ ಮೂರಕ್ಕೇ ಬಂತು.

ಶೆಡ್ಡಿನ ಅಷ್ಟೂ ಮೋಟರುಗಳು ಒಟ್ಟಿಗೆ ತಿರುಗಿದವು. ಕಾಕಾನ ಕೂಗು ಕೇಳಿಸಿತೋ ಇಲ್ಲವೋ ನೆನಪಿಲ್ಲ. ಅವರ ಕಾಲುಗಳು ನೆಲಕ್ಕೆ ಬಡಿದುಕೊಂಡದ್ದು ನೆನಪಿದೆ. ಪಟ್ಟ ಅವರ ತೋಳನ್ನು ಹಿಡಿದು ಗಾಲಿಯ ಕಡೆಗೆ ಎಳೆಯುತ್ತಿತ್ತು. ಮಗ್ಗದ ಹ್ಯಾಂಡಲ್ ನೂಕಿದರೆ ನೇಯ್ಗೆ ನಿಲ್ಲುತ್ತದೆ, ಮೋಟರ್ ನಿಲ್ಲುವುದಿಲ್ಲ. ಅದಕ್ಕೆ ಬಾಗಿಲ ಬಳಿಯ ಮೇನ್ ಸ್ವಿಚ್ಚೇ ಆಗಬೇಕು. ನಾನು ಓಡಿದೆ.

ಕಬ್ಬಿಣದ ಹಿಡಿ, ತುಕ್ಕು ಹಿಡಿದದ್ದು. ಎಂದಾದರೂ ಅದನ್ನು ಇಳಿಸಬೇಕಾದಾಗ ಇಳಿಸುತ್ತಿದ್ದವಳು ಮಾವಶಿ. ನಾನು ಎಷ್ಟೋ ಸಲ ನೋಡಿದ್ದೆ. ಮಾವಶಿ ಹೊರಗೆ, ಹತ್ತು ಹೆಜ್ಜೆಯಲ್ಲಿದ್ದಳು. ನಾನು ಹಿಡಿಯನ್ನು ಜಗ್ಗಿದೆ. ಅಲುಗಲಿಲ್ಲ. ಎರಡೂ ಕೈ ಹಾಕಿ ಜಗ್ಗಿದೆ. ಅಲುಗಲಿಲ್ಲ. ಕಾಲನ್ನು ಗೋಡೆಗೆ ಕೊಟ್ಟು ಜೋತುಬಿದ್ದೆ. ನನ್ನಿಂದ ಆಗುತ್ತದೆ, ಆಗಬೇಕು ಎಂಬ ಹಟ... ಆ ಕ್ಷಣಕ್ಕೆ ನಾನು ಹಾಳೆಯ ಮೇಲಿನ ಹುಡುಗಿಯೇ ಆಗಿದ್ದೆ, ಹದಿನೈದರ ಹುಡುಗಿ. ಹಿಂದೆ ಕಾಲುಗಳು ಬಡಿದುಕೊಳ್ಳುತ್ತಲೇ ಇದ್ದವು.

ಆಮೇಲೆ ಕೂಗಿದೆ. ಎಲೊಕ್ಯೂಷನ್ ಕಾಂಪಿಟಿಷನ್ನಿನಲ್ಲಿ ಕಪ್ಪು ಗೆದ್ದ ಗಂಟಲು ನನ್ನದು. ಅಷ್ಟು ಮೋಟರುಗಳ ಸದ್ದನ್ನು ಸೀಳಿಕೊಂಡು ಹೋಯಿತು.

"ಮಾವಶೀ! ಮೇನ್!"

ಅವಳು ಒದ್ದೆ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಬಂದಳು. "ಸರಿ ಬಾಜೂಕ!" ಎಂದು ನನ್ನನ್ನು ನೂಕಿ ಒಂದೇ ಏಟಿಗೆ ಹಿಡಿಯನ್ನು ಇಳಿಸಿದಳು. ಮತ್ತೆ ಆ ಸೈಲೆನ್ಸ್.

ಕಾಕಾನ ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಗೆ ಹೋದಾಗ ಕೈ ತುಂಬ ಬ್ಯಾಂಡೇಜು, ಮುಖದಲ್ಲಿ ಅದೇ ತುಂಟ ನಗು. "ಈಗ ನನ್ನ ಚುರುಕಿನ ಅಂಕಿ ಎರಡು ಕಮ್ಮಿ ಮಾಡಬೇಕ ನೋಡು," ಎಂದರು. ಪಕ್ಕದಲ್ಲಿದ್ದ ಮಾವಶಿಗೆ ನಗು ಬರಲಿಲ್ಲ. "ಸುಮ್ನಿರ್ರಿ ಮಾಲಕ್ರ, ನಗೋ ಮಾತಲ್ಲ ಇದು," ಎಂದು ಗದರಿ, ಕಸ ಹೊಡೆಯುವಾಗ ಸಿಕ್ಕ ನೀಲಿ ದಾಳವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಅವರ ಮುಂದಿಟ್ಟು ಹೊರಗೆ ಹೋದಳು.

ಕಾಕಾ ಅದನ್ನು ಎಡಗೈಯಲ್ಲಿ ಹಿಡಿದು ತಿರುಗಿಸುತ್ತಾ ಮೆಲ್ಲಗೆ ಹೇಳಿದರು: "ಎರಡು, ಎರಡು, ಒಂದು. ನಾ ಕಣ್ಣಾರೆ ನೋಡೇನವ್ವಾ. ಖರೇ ಹದಿನೈದ ಅಂತ ಕೇಳಿ ಸುಮ್ನಾದೆ. ಅಲ್ಲೇ ಆಟ ನಿಲ್ಲಸಬೇಕಿತ್ತು. ತಪ್ಪು ನಂದೂ ಐತಿ."

'ನಂದೂ' ಎಂದರು. ನನ್ನದು ಎಷ್ಟು ಎಂದು ಕೇಳಲಿಲ್ಲ. ಹೇಳಲು ಅವರು ಬಾಗಿಲನ್ನು ತೆರೆದಿಟ್ಟಿದ್ದರು... ನಾನು ಮೂರು ಸಲ ಜಗ್ಗಿದೆ ಕಾಕಾ, ಮೊದಲನೇ ಸಲಕ್ಕೇ ಕೂಗಬೇಕಿತ್ತು, ಎನ್ನಬಹುದಿತ್ತು. ನನ್ನ ಬಾಯಿಂದ ಬಂದದ್ದು ಕಾನ್ವೆಂಟಿನ ಇಂಗ್ಲಿಷು: "ಗೆಟ್ ವೆಲ್ ಸೂನ್, ಕಾಕಾ." ಅವರು ತಲೆಯಾಡಿಸಿ ದಾಳವನ್ನು ನನ್ನ ಕೈಗೆ ಕೊಟ್ಟರು.

ರಜೆ ಮುಗಿಯಿತು, ಹಾಸ್ಟೆಲಿಗೆ ಹೋದೆ. ಮತ್ತೆ ಆ ಮೇಜಿಗೆ ಕೂರಲಿಲ್ಲ. ಮದುವೆಯಾಗಿ ಗಡಹಿಂಗ್ಲಜಿಗೆ ಬಂದೆ. ನನ್ನ ಅಕ್ಷತೆಗೆ ಕಾಕಾ ಬಂದಿದ್ದರು, ಮೂರು ಬೆರಳಿನ ಕೈಯಿಂದ ಅಕ್ಕಿ ಹಾಕಿದರು. ಅಂದೂ ಹೇಳಲಿಲ್ಲ. ಆಮೇಲೆ ಒಂದು ದಿನ ತವರಿನಿಂದ ಕಾಗದ ಬಂತು, ಕಾಕಾ ಹೋದರು ಅಂತ. ಹೇಳುವುದಕ್ಕೆ ಇನ್ನು ಯಾರೂ ಉಳಿಯಲಿಲ್ಲ.

ಈಗ ಉಪ್ಪಿನಕಾಯಿಯ ಬರಣಿ ಬಿಗಿಯಾಗಿದ್ದರೆ ನಾನು ಎರಡನೆಯ ಸಲ ತಿರುವುವುದಿಲ್ಲ. ಪಕ್ಕದ ಮನೆಯವಳನ್ನು ಕೂಗಿ ಕರೆಯುತ್ತೇನೆ. "ಏನ್ ದನೀರಿ ಆಜಿ ನಿಮ್ದು, ಆಜರಾ ಊರ ತನಕ ಕೇಳತೈತಿ," ಎಂದು ಅವಳು ನಗುತ್ತಾಳೆ. ನಾನೂ ನಗುತ್ತೇನೆ.

ಕೊನೆಗೆ ಹಾಳೆಯನ್ನು ಬಿಚ್ಚಿದೆ. ಕಾಕಾ ಬರೆದ ಅಂಕಿಗಳೆಲ್ಲ ಪೆನ್ಸಿಲಿನವು, ಮಾಸಿವೆ. ಬೆಳಕಿಗೆ ಹಿಡಿದು ಓರೆ ಮಾಡಿದರೂ ಐದು ಕಾಣುವುದಿಲ್ಲ. ನಾನು ಎಳೆದ ಒಂದು ಮಾತ್ರ ಇಂಕಿನದು. ಅದು ಹಾಗೇ ಇದೆ.