ಕೋಳಿ ಅಂಗಡಿ ಮುಂದೆ ಪಾಠ ಮಾಡಿದ ಪುಟ್ಟತಾಯಮ್ಮ ಮೇಡಂ

ಪುಟ್ಟತಾಯಮ್ಮ ಮೇಡಂ ತರಗತಿಗೆ ಬಂದರೆ ಮೊದಲು ಹಾಜರಿ ಪುಸ್ತಕ ತೆಗೆಯುತ್ತಿರಲಿಲ್ಲ. ಮುಂದಿನ ಬೆಂಚಿನಲ್ಲಿ ಸಿಕ್ಕಿದವರ ಮಣಿಕಟ್ಟು ಹಿಡಿಯುತ್ತಿದ್ದರು. ಗೋಡೆ ಗಡಿಯಾರ ನೋಡುತ್ತಾ ನಾಡಿ ಎಣಿಸಿ, "ನೂರಾ ನಾಲ್ಕು! ಯಾಕ್ಲಾ, ರೆಕಾರ್ಡು ಬರ್ದಿಲ್ವಾ?" ಎನ್ನುವರು. ಹುಡುಗ ಬಾಯಿ ಬಿಡುವ ಮೊದಲೇ ಅವನ ಎದೆ ತಪ್ಪೊಪ್ಪಿಕೊಂಡು ಆಗಿರುತ್ತಿತ್ತು. ಕೆ.ಆರ್. ಪೇಟೆಯ ನಮ್ಮ ಕಾಲೇಜಿನಲ್ಲಿ ಸುಳ್ಳು ನಡೆಯದಿದ್ದ ಪೀರಿಯಡ್ಡು ಜೀವಶಾಸ್ತ್ರದ್ದೊಂದೇ.

ಅವರು ಪಾಂಡವಪುರದವರು. ಬೆಳಿಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹತ್ತಿ ಬರುತ್ತಿದ್ದರು. ಎಂಎಸ್ಸಿ ಓದಿದ್ದರೂ ಮಾತು ಮಾತ್ರ ಹಟ್ಟಿಯದೇ. ಪುಸ್ತಕದ ಭಾಷೆ ಬಾರದೆ ಅಲ್ಲ, ಅದರ ಮೇಲೆ ಅವರಿಗೆ ಅಷ್ಟಾಗಿ ನಂಬಿಕೆ ಇರಲಿಲ್ಲ. 'ಸ್ವಾಯತ್ತ ನರವ್ಯೂಹ' ಎಂದು ಕರಿಹಲಗೆ ಮೇಲೆ ಬರೆದು, ಅದಕ್ಕೆ ಬೆನ್ನು ತಿರುಗಿಸಿ ನಿಂತರು.

"ನೋಡ್ರವ್ವಾ, ನೋಡ್ರಲಾ. ಮೈಯೊಳ್ಗೆ ಇಬ್ರು ಅವ್ರೆ. ಒಬ್ಬ ಓಡ್ಸೋನು, ಒಬ್ಬ ಕೂರ್ಸೋನು. ನಾಯಿ ಅಟ್ಟಿಸ್ಕೊಂಡು ಬಂತು ಅನ್ನಿ, ಓಡ್ಸೋನು ಎದೆ ಬಡಿಸ್ತಾನೆ, ಬೆವರು ತರಿಸ್ತಾನೆ, ಕಣ್ಣು ಅಗಲ ಮಾಡ್ತಾನೆ. ಉಂಡು ಜಗುಲಿ ಮ್ಯಾಲೆ ಕುಂತ್ರಿ ಅನ್ನಿ, ಕೂರ್ಸೋನು ಬತ್ತಾನೆ, ಎದೆ ನಿಧಾನ ಮಾಡಿ ಹೊಟ್ಟೆ ಕೆಲ್ಸ ಸುರು ಮಾಡಿಸ್ತಾನೆ. ಇಬ್ರೂ ನಿಮ್ಮನ್ನ ಕೇಳಿ ಮಾಡಾಕಿಲ್ಲ. ಕೇಳ್ಕೊಂಡು ಕುಂತಿದ್ರೆ ನೀವು ಇಸ್ಟೊತ್ಗೆ ಉಸುರಾಡೋದ್ನೇ ಮರ್ತು ಸತ್ತೋಗಿರ್ತಿದ್ರಿ."

ಕರೆಯುವಾಗ ಪಕ್ಕದಲ್ಲಿ ಪಟಾಕಿ ಹೊಡೆದರೆ ಹಸು ಹಾಲು ಇಳಿಸುವುದಿಲ್ಲವಲ್ಲ, ಅದಕ್ಕೂ ಓಡಿಸೋನೇ ಕಾರಣ ಎಂದರು. ಹಸು ಸಾಕದ ಮನೆಯೇ ಇಲ್ಲದ ತರಗತಿ ನಮ್ಮದು. ಎಲ್ಲರಿಗೂ ಒಂದೇ ಏಟಿಗೆ ಅರ್ಥವಾಯಿತು.

ನನಗೆ ಆ ಕೂರಿಸೋನ ಪರಿಚಯ ಬೇರೆ ರೀತಿಯಲ್ಲೇ ಆಯಿತು. ರಕ್ತದ ಗುಂಪು ನೋಡುವ ಪ್ರಾಯೋಗಿಕ ತರಗತಿಯಲ್ಲಿ ಗೆಳತಿಯ ಬೆರಳ ತುದಿಯಲ್ಲಿ ರಕ್ತದ ಹನಿ ಕಂಡಿತು; ಕಿವಿಯಲ್ಲಿ ಗುಂಯ್ ಅಂದಿತು; ಮುಂದಿನದು ಗೊತ್ತಿಲ್ಲ. ಆಯಾ ನಿಂಗಮ್ಮ ನನ್ನನ್ನು ಸ್ಟೂಲಿನ ಮೇಲೆ ನೆಟ್ಟಗೆ ಕೂರಿಸಿ, ಅಂಗೈಗೆ ಬೀಗದ ಕೈ ಗೊಂಚಲು ತುರುಕಿದಳಂತೆ. ಮೇಡಂ ಓಡಿ ಬಂದು ನನ್ನನ್ನು ನೆಲದ ಮೇಲೆ ಮಲಗಿಸಿ ಕಾಲನ್ನು ಸ್ಟೂಲಿನ ಮೇಲಿಟ್ಟರು. ನಿಂಗಮ್ಮ ಬಾಯಿ ಬಡಿದುಕೊಂಡಳು. ನಮ್ಮ ಕಡೆ ಬರಿ ನೆಲಕ್ಕೆ ಮಲಗಿಸುವುದು ಪ್ರಾಣ ಹೋಗುವವರನ್ನು.

"ಬದ್ಕಿರೋ ಮಗೀನ ನೆಲಕ್ಕೆ ಆಕ್ತಾರೇನವ್ವಾ?"

"ಕೂರ್ಸಿದ್ರೆ ನಿಜವಾಗ್ಲೂ ಓಯ್ತದೆ ಕಣೇ. ನೆತ್ರೆಲ್ಲ ಕಾಲ್ಗಿಳ್ದದೆ. ತಲೆಗೆ ಬರ್ಲಿ, ಸುಮ್ಕಿರು."

ನಾನು ಕಣ್ಣು ಬಿಟ್ಟೆ. ಆದರೆ ನಾನು ಏಳುವ ಮೊದಲೇ ಸುದ್ದಿ ನಾಗಮಂಗಲದ ಬಸ್ಸು ಹತ್ತಿ ನಮ್ಮೂರು ಸೇರಿತ್ತು. ಬೀಗದ ಕೈ ಹಿಡಿಸಿದರು ಎಂದ ಮೇಲೆ ಮೂರ್ಛೆ ರೋಗವೇ ಎಂದು ಊರು ತೀರ್ಮಾನ ಮಾಡಿತು. ಅಪ್ಪ ಬಂದು ಹಾಸ್ಟೆಲಿನಿಂದ ನನ್ನ ಟ್ರಂಕು ಎತ್ತಿಕೊಂಡು ಹೋದರು. ನನಗೆ ನರ್ಸ್ ಆಗಬೇಕೆಂಬುದೊಂದೇ ಆಸೆ. ಅದು ಅಲ್ಲಿಗೆ ಮುಗಿಯಿತು ಎಂದುಕೊಂಡು ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಾ ಅಳುತ್ತಿದ್ದೆ.

ಭಾನುವಾರ ಮೇಡಂ ಹುಡುಕಿಕೊಂಡು ನಮ್ಮೂರಿಗೇ ಬಂದುಬಿಟ್ಟರು. ಕಾಫಿಯನ್ನೂ ಮುಟ್ಟದೆ ಅಪ್ಪನನ್ನು ನಡುಮನೆಯ ಕತ್ತಲಲ್ಲಿ ಕೂರಿಸಿ, ಕೈಗೆ ಕನ್ನಡಿ ಕೊಟ್ಟು, ಬ್ಯಾಗಿನಿಂದ ಟಾರ್ಚು ತೆಗೆದು ಕೆನ್ನೆಯ ಪಕ್ಕದಿಂದ ಬಿಟ್ಟರು.

"ಕಣ್ಣೊಳಗಿನ ಕರಿ ಬೊಟ್ಟು ನೋಡ್ಕಳಿ ಗೌಡ್ರೇ. ಏನಾಯ್ತು?"

"ಚಿಕ್ದಾಯ್ತು."

"ನೀವು ಯೋಳಿದ್ರಾ, ಚಿಕ್ದಾಗು ಅಂತ?"

"ಇಲ್ಲ."

"ಈಗ ಯೋಳಿ, ಆಗ್ಬ್ಯಾಡ ಅಂತ."

ಅಪ್ಪ ಹಟಮಾರಿ. ಮೂರು ಸಲ ಕಣ್ಣು ಕಿಸಿದು, ಉಸಿರು ಕಟ್ಟಿ ನೋಡಿದರು. ಬೊಟ್ಟು ಅವರ ಮಾತು ಕೇಳಲಿಲ್ಲ. ಮನೆಯಲ್ಲಿ ಅವರ ಮಾತು ಕೇಳದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ನಿಮ್ಮ ಕಣ್ಣು ನಿಮ್ಮ ಮಾತು ಕೇಳ್ನಿಲ್ಲ, ಅದು ರೋಗವಾ? ಇವ್ಳು ಬಿದ್ದದ್ದೂ ಅಂಗೇಯ. ನೆತ್ರು ಕಂಡಾಗ ಕೂರ್ಸೋನು ವಸಿ ಜಾಸ್ತಿ ಮುದ್ದು ಮಾಡಿ ಮಲಗಿಸ್ಬುಟ್ಟ. ಬೇಕಾದ್ರೆ ಡಾಕ್ಟ್ರಿಗೂ ತೋರ್ಸಿ."

ಅಪ್ಪ ಡಾಕ್ಟರಿಗೂ ತೋರಿಸಿದರು. ಡಾಕ್ಟರು ರೋಗವಿಲ್ಲ ಎಂದರು. ಆದರೂ ಅಪ್ಪನದೊಂದು ಷರತ್ತು: "ಬೀಳೋದು ನಿಂತ್ರೆ ನರ್ಸು, ಇಲ್ದಿದ್ರೆ ಮದ್ವೆ."

ನನ್ನ ಟ್ರಂಕು ಮತ್ತೆ ಹಾಸ್ಟೆಲ್ ಸೇರಿತು. ಆಮೇಲೆ ಶುರುವಾಯಿತು ನನ್ನ ತಪಸ್ಸು. ಸಂಜೆ ಕಾಲೇಜು ಬಿಟ್ಟ ಮೇಲೆ ಮೇಡಂ ನನ್ನನ್ನು ಸಂತೆಬೀದಿಯ ಬಾಬು ಸಾಬರ ಕೋಳಿ ಅಂಗಡಿ ಮುಂದೆ ನಿಲ್ಲಿಸುವರು. ಸಾಬರು ಕತ್ತಿ ಎತ್ತಿದೊಡನೆ, "ತೊಡೆ ಬಿಗಿ! ಮುಷ್ಟಿ ಬಿಗಿ! ಮೀನಖಂಡ ಕಲ್ಲಾಗ್ಬೇಕು! ಕೆಳಗಿಳ್ದಿರೋ ನೆತ್ರ ಮ್ಯಾಲಕ್ಕೆ ತಳ್ಳು!" ಎಂದು ಕೂಗುವರು. ಬಸ್ಸಿಗೆ ಕಾಯುವವರು ಬಿಟ್ಟಿ ತಮಾಷೆ ನೋಡಲು ಸೇರುತ್ತಿದ್ದರು. ನಾನು ನಾಚಿಕೆಯಿಂದ ಸತ್ತೇ ಹೋಗುತ್ತಿದ್ದೆ.

"ಅರೆ ಮೇಡಂ, ಕೋಳಿ ತಗೊಳೋಕೆ ಬಂದ್ರಾ, ಕುಸ್ತಿ ಕಲ್ಸೋಕೆ ಬಂದ್ರಾ?" ಎಂದು ಸಾಬರು ಕೇಳಿದರು. ದಾಕ್ಷಿಣ್ಯಕ್ಕೆ ಮೇಡಂ ಪ್ರತಿ ಸಲವೂ ಅರ್ಧ ಕೆಜಿ ಕಟ್ಟಿಸುವರು. ಆ ಎರಡು ತಿಂಗಳು ಅವರ ಮನೆಯವರು ಕೋಳಿ ಸಾರು ಉಂಡೂ ಉಂಡೂ ಬೇಸತ್ತು ಸೊಪ್ಪಿನ ಸಾರಿಗೆ ಅಂಗಲಾಚಿದರಂತೆ.

ಮೊದಲ ವಾರ ಎರಡು ಸಲ ಕುಸಿದೆ. ಆಮೇಲೆ ಕಿವಿ ಗುಂಯ್ ಅಂದರೂ ನಿಂತೆ. ಕೊನೆಗೊಂದು ದಿನ ಕೋಳಿಯ ಗುಂಡಿಗೆ, ಈಲಿ, ಜಠರ ಎಂದು ತೋರಿಸಿ ನಾನೇ ಸಾಬರಿಗೆ ಪಾಠ ಮಾಡಿದೆ. ಮೇಡಂ ಸೆರಗಿನಿಂದ ಮೂಗು ಒರೆಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದರು.

ನಾನು ನರ್ಸ್ ಆದೆ. ಈಗ ಶ್ರೀರಂಗಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿದ್ದೇನೆ. ಹೋದ ವರ್ಷ ಒಂದು ಮಧ್ಯಾಹ್ನ ಮೇಡಂ ಅವರನ್ನು ಗಾಲಿ ಕುರ್ಚಿಯಲ್ಲಿ ಕರೆತಂದರು. ಗುರುತೇ ಸಿಗದಷ್ಟು ಇಳಿದುಹೋಗಿದ್ದರು. ಬಹಳ ವರ್ಷಗಳ ಸಕ್ಕರೆ ಕಾಯಿಲೆ ಆ ಒಳಗಿನ ನರಗಳನ್ನೇ ತಿಂದುಹಾಕಿತ್ತು. ಎದ್ದು ನಿಂತರೆ ಬಿ.ಪಿ. ಕುಸಿಯುತ್ತಿತ್ತು, ಉಂಡದ್ದು ಹೊಟ್ಟೆಯಲ್ಲೇ ನಿಲ್ಲುತ್ತಿತ್ತು. ಮಾನಿಟರಿನಲ್ಲಿ ಎದೆಬಡಿತ ತೊಂಬತ್ತೆರಡು. ಎಷ್ಟು ಹೊತ್ತು ನೋಡಿದರೂ ಹೆಚ್ಚೂ ಕಡಿಮೆ ಅಷ್ಟೇ.

"ಇಬ್ರೂ ಕೆಲ್ಸ ಬುಟ್ಬುಟ್ರು ಕಣವ್ವಾ" ಎಂದು ನಕ್ಕರು. "ಅವ್ರು ಎಸ್ಟು ಮಾಡ್ತಿದ್ರು ಅಂತ ಈಗ ಗೊತ್ತಾಯ್ತಾ ಅದೆ. ನಾನು ಪಾಠದಲ್ಲಿ ಯೋಳಿದ್ದು ಕಾಲು ಭಾಗಾನೂ ಅಲ್ಲ."

"ಭಯ ಆಗ್ತಿದೆಯಾ ಮೇಡಂ?"

"ಆಯ್ತದೆ. ಆದ್ರೆ ಎದೆ ಡವಡವ ಒಡ್ಕೊಳಾಕಿಲ್ಲ. ಮನ್ಸು ಒಂದೇ ಎದ್ರಿಕೊಂಡು ಕುಂತದೆ, ಮೈ ಜೊತೇಲಿಲ್ಲ. ವಿಚಿತ್ರ."

ಸಾಯುವ ಕಾಲಕ್ಕೂ ತಮ್ಮ ಮೈಯನ್ನೇ ಪಾಠದಂತೆ ಓದುತ್ತಿದ್ದ ಅಂಥ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ರಕ್ತ ತೆಗೆಯಬೇಕಿತ್ತು. ಸಾವಿರಾರು ಜನರಿಗೆ ಸೂಜಿ ಚುಚ್ಚಿದವಳು ಅವರ ತೋಳಿಗೆ ಪಟ್ಟಿ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆ. ಜೊತೆಯವಳು ಬಂದು ತಾನು ತೆಗೆಯುತ್ತೇನೆಂದಳು. "ಬ್ಯಾಡ, ಇವ್ಳೇ ತಗೀಲಿ" ಎಂದರು ಮೇಡಂ. ರಕ್ತನಾಳ ಸಿಕ್ಕಿತು. ಟ್ಯೂಬಿಗೆ ಅವರ ರಕ್ತ ಇಳಿಯುವುದನ್ನು ಕೊನೆಯವರೆಗೂ ನೋಡಿದೆ. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು ಕೇಳಿದೆ, "ನೋವಾಯ್ತಾ ಮೇಡಂ?"

"ಇಲ್ಲ ಕಣವ್ವಾ. ನಿಂಗೆ?"

ಅಷ್ಟರಲ್ಲಿ ಪಕ್ಕದ ವಾರ್ಡಿನವರು ಕರೆದರು, ಹೋದೆ. ನಾನು ತಿರುಗಿ ಬರುವ ಹೊತ್ತಿಗೆ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದಿದ್ದರು. ನಾಲ್ಕನೇ ದಿನ ಸುದ್ದಿ ಬಂತು. ತುಂಬಾ ನೋವಾಯ್ತು ಮೇಡಂ ಎಂದು ಅವತ್ತೇ ಹೇಳಿಬಿಡಬೇಕಿತ್ತು.