ಮೇಲೆ ಹೋದ ಗುಂಡು

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವವಳು. ನೇರ ಮೇಲಕ್ಕೆ ಹಾರಿಸಿದ ಗುಂಡು ಹೋದಷ್ಟೇ ವೇಗದಲ್ಲಿ ಮರಳಿ ಬರುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಸಾಧಿಸಿ ತೋರಿಸುತ್ತೇನೆ. ಕೊನೆಗೆ ಒಂದು ಸಾಲು ಸೇರಿಸುತ್ತೇನೆ: ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಕ್ಕಳು ತೆಪ್ಪಗೆ ಬರೆದುಕೊಳ್ಳುತ್ತಾರೆ. ಆ ಸಾಲಿಗೆ ತಗಾದೆ ತೆಗೆದವರು ಒಬ್ಬರೇ, ನನ್ನ ಸೋದರಮಾವ. ಅದೂ ಕೈಯಲ್ಲಿ ಕೋವಿ ಹಿಡಿದುಕೊಂಡು.

ಅಂದು ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಬಜಪೆಯ ತಾಯಿಮನೆಯಲ್ಲಿ ನಾನು ಬಾಣಂತಿ, ತಲೆಗೆ ಬಟ್ಟೆ ಬಿಗಿದು ಹೊಸ್ತಿಲೊಳಗೆ ಕುಳಿತವಳು. ನಮ್ಮದು ಅಳಿಯಸಂತಾನದ ಕುಟುಂಬ. ಸಂತಾನ ಬೆಳೆಯುವುದು ಹೆಣ್ಣಿನಿಂದ, ಮಾತು ನಡೆಯುವುದು ಮಾವನದು. ಹೆಣ್ಣು ಮಗು ಹುಟ್ಟಿದರೆ ತೊಟ್ಟಿಲ ದಿನ ಮಾವನಾದವನು ಆಕಾಶಕ್ಕೆ ಒಂದು ಈಡು ಹೊಡೆಯುವುದು ನಮ್ಮಲ್ಲಿ ನಡೆದು ಬಂದದ್ದು. ನಾನು ಹುಟ್ಟಿದಾಗಲೂ ಇದೇ ಮಾವ ಹೊಡೆದಿದ್ದರಂತೆ. ಆ ಗುಂಡು ಮನೆಯೆದುರಿನ ದೊಡ್ಡ ಗದ್ದೆಯ ಕೆಸರಿಗೆ ಬಿದ್ದಿರಬೇಕು. ಆಗ ಅಲ್ಲಿ ಕೊಕ್ಕರೆಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಈಗ ಗದ್ದೆ ಮಾರಿ ಆಗಿದೆ. ಅಲ್ಲಿ ಸಾಲು ಮನೆಗಳು, ಪ್ರತಿ ಟೆರೇಸಿನ ಮೇಲೂ ಶೀಟಿನ ಮಾಡು. ಹಂದಿ ಓಡಿಸಲೆಂದು ಲೈಸೆನ್ಸ್ ಮಾಡಿಸಿದ ಕೋವಿ ಮಾತ್ರ ಗದ್ದೆ ಹೋದ ಮೇಲೂ ಉಳಿದುಕೊಂಡಿತ್ತು.

ಆ ಮನೆಗಳಲ್ಲಿ ಒಂದು ನನ್ನ ಕಿಟಕಿಗೆ ನೇರ ಕಾಣುತ್ತಿತ್ತು. ಅಲ್ಲಿ ಬ್ಯಾರಿ ಮುಸ್ಲಿಮರ ಮನೆಯ ಒಬ್ಬಳು, ನನ್ನಂತೆಯೇ ಹೊಸ ತಾಯಿ, ಬೆಳಗಿನ ಬಿಸಿಲಿಗೆ ಮಗುವನ್ನು ಟೆರೇಸಿಗೆ ತರುತ್ತಿದ್ದಳು. ನಾವಿಬ್ಬರೂ ಒಂದು ದಿನವೂ ಮಾತಾಡಿದವರಲ್ಲ. ಆದರೂ ದಿನಾ ಅವಳು ಬರುವುದನ್ನು ನಾನು ಕಾಯುತ್ತಿದ್ದೆ. ಅಂದೂ ಮಗುವಿನ ಬಟ್ಟೆಗಳು ಹಗ್ಗದ ಮೇಲಿದ್ದವು.

ಮಾವ ಅಂಗಳಕ್ಕಿಳಿದಾಗ ನಾನು ಕಿಟಕಿಯಿಂದಲೇ ಕೂಗಿದೆ. “ಬೇಡ ಮಾವ. ಎಷ್ಟು ಜೋರು ಹೋಗ್ತದೋ ಅಷ್ಟೇ ಜೋರು ಕೆಳಗೆ ಬರ್ತದೆ ಅದು.”

“ಯಾರು ಹೇಳಿದ್ದು?”

“ನಾನು ಮಕ್ಕಳಿಗೆ ಕಲಿಸುವುದೇ ಅದು. ಗಾಳಿ ಇಲ್ಲದಿದ್ರೆ ಹಾಗೆಯೇ ಆಗುವುದು.”

“ಬಜಪೆಯಲ್ಲಿ ಗಾಳಿ ಇಲ್ವಾ ಮಾರಾಯ್ತಿ? ಮಳೆಯೂ ಮೇಲಿಂದಲೇ ಬೀಳುವುದು. ನಿನ್ನ ತಲೆ ತೂತಾಗಿದ್ಯಾ?”

ಸಿಟ್ಟು ನೆತ್ತಿಗೇರಿತು. ಆದರೂ ಟೀಚರ್ ಬುದ್ಧಿ, ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಸರಿ, ಗಾಳಿ ಗುಂಡನ್ನೂ ತಡೀತದೆ. ನೆಟ್ಟಗೆ ಮೇಲೆ ಹೋದ್ರೆ ಒಂದು ಕಡೆ ನಿಂತು ಮತ್ತೆ ಬೀಳ್ತದೆ, ಕೋವಿಯಿಂದ ಹೊರಟ ವೇಗ ಆಗ ಇರುವುದಿಲ್ಲ. ಆದ್ರೂ ಸೀಸ ಅದು, ತಲೆ ಒಡೀಲಿಕ್ಕೆ ಸಾಕು. ಓರೆಯಾಗಿ ಹೋದ್ರೆ ಇನ್ನೂ ಕಷ್ಟ. ಅದು ಎಲ್ಲಿಯೂ ನಿಲ್ಲುವುದಿಲ್ಲ, ವೇಗ ಉಳಿಸಿಕೊಂಡೇ ದೂರ ಹೋಗಿ ಇಳೀತದೆ.”

ಇಷ್ಟುದ್ದ ಪಾಠದಲ್ಲಿ ಮಾವ ಹೆಕ್ಕಿಕೊಂಡದ್ದು ತನಗೆ ಬೇಕಾದ ಒಂದೇ ಕಾಳು. “ಹಾಗಾದ್ರೆ ನೆಟ್ಟಗೆ ಹೊಡೀತೇನೆ. ಆಯ್ತಲ್ಲ?”

ಅಡುಗೆಮನೆಯಿಂದ ಅಮ್ಮ, “ವಿಮಾನ ಉಂಟಾ ನೋಡಣ್ಣಾ!” ಎಂದರು. ವಿಮಾನ ನಿಲ್ದಾಣ ನಮ್ಮೂರಲ್ಲೇ, ಅವರಿಗೆ ಅದೊಂದೇ ಚಿಂತೆ.

“ದುಬೈದು ಹೋಗಿ ಆಯ್ತು. ಇನ್ನು ಮಧ್ಯಾಹ್ನವೇ.” ಮಾವ ಹುಬ್ಬಿನ ಮೇಲೆ ಕೈಯಿಟ್ಟು ಆಕಾಶವನ್ನು ಮೂಲೆಮೂಲೆಯೂ ಪರೀಕ್ಷಿಸಿದರು. ಖಾಲಿ ಇತ್ತು. ಕೆಳಗೆ ನೋಡಬೇಕೆಂದು ಅವರಿಗೆ ಹೊಳೆಯಲೇ ಇಲ್ಲ.

ಸಾಸಿವೆಯಂಥ ಚರೆ ತುಂಬಿದ ತೋಟೆಯಾಗಿದ್ದರೆ ನಾನು ಅಷ್ಟು ಕೂಗುತ್ತಿರಲಿಲ್ಲ. ಅವರು ಹಾಕಿದ್ದು ಹಂದಿಗೆಂದು ಇಟ್ಟಿದ್ದ ಒಂಟಿ ಗುಂಡಿನ ತೋಟೆ. ಜೊತೆಗೆ ಅವರ ಬಲಭುಜ ಕೆಲವು ತಿಂಗಳಿಂದ ಹಿಡಿದುಕೊಂಡಿತ್ತು. ಅಂಗಿ ತೆಗೆಯಲೂ ಅತ್ತೆ ಬೇಕು. ಕೋವಿ ಏರಿತು, ಅರ್ಧದಲ್ಲಿ ನಡುಗಿತು, ಅಲ್ಲೇ ಸಿಡಿಯಿತು.

ಮಗಳು ಬೆಚ್ಚಿ ಅತ್ತಳು. ಉಳಿದವರು ನಕ್ಕರು, ಎಲೆ ಹಾಕಲು ಹೋದರು. ಈಡು ಮುಗಿಯಿತು ಎಂದು ಅವರ ಲೆಕ್ಕ. ಗುಂಡು ಇನ್ನೂ ಮೇಲೆಯೇ ಇದೆ ಎಂದು ತಿಳಿದವಳು ಆ ಮನೆಯಲ್ಲಿ ನಾನೊಬ್ಬಳೇ. ಅರ್ಧ ನಿಮಿಷದ ಮಟ್ಟಿಗೆ ಅದು ಯಾರ ತಲೆಯ ಮೇಲೆ ಬೇಕಾದರೂ ಇರಬಹುದು. ಮಗುವನ್ನು ಎದೆಗೊತ್ತಿಕೊಂಡು ಕಿವಿಯಾಗಿ ನಿಂತೆ. ಶೀಟಿನ ಮೇಲೆ ಠಣ್ ಎನ್ನಲಿ ದೇವರೇ, ಶೀಟು ತೂತಾದರೆ ಆಗಲಿ, ಸದ್ದೊಂದು ಕೇಳಲಿ. ಕೇಳಿದ್ದು ಒಳಗೆ ಪಾತ್ರೆಗಳ ಸದ್ದು ಮಾತ್ರ. ಎದುರಿನ ಟೆರೇಸಿನಲ್ಲಿ ಬಟ್ಟೆಗಳಿದ್ದವು, ಅವಳಿರಲಿಲ್ಲ. ಅವಳು ತನ್ನ ಮಗುವನ್ನು ಶೀಟಿನ ಆಚೆ, ಬಿಸಿಲಿಗೆ ಹಿಡಿದು ಕುಳಿತಿದ್ದರೆ?

ಹೊಸ್ತಿಲಿಗೆ ಬಂದೆ. ಅಮ್ಮ ಅಡ್ಡ ನಿಂತರು. “ಎಂತ ಹುಚ್ಚು ನಿಂಗೆ? ಬಾಣಂತಿಗೆ ಗಾಳಿ ತಾಗಬಾರದು.”

“ಮಾವಾ, ನೀವು ನೆಟ್ಟಗೆ ಹೊಡೀಲಿಲ್ಲ!”

ಅವರು ಎಲೆಯ ಮುಂದೆ ಕೂರುವವರಿದ್ದರು. “ನೆಟ್ಟಗೆಯೇ ಹೊಡೆದದ್ದು.”

“ಹಾಗಾದ್ರೆ ಇಲ್ಲಿ ಬನ್ನಿ. ಕೋವಿ ಹಿಡಿದ ಹಾಗೆ ಕೈ ಎತ್ತಿ ತೋರಿಸಿ.”

ಕುಟುಂಬದ ಯಜಮಾನನಿಗೆ ಯಾರೂ ಹಾಗೆ ಅಪ್ಪಣೆ ಕೊಟ್ಟದ್ದಿಲ್ಲ. ಅದಕ್ಕೇ ಇರಬೇಕು, ಮಾವ ಬಂದು ಎತ್ತಿದರು. ಕೈ ಕಿವಿಯ ಮಟ್ಟಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ನೂಕಿದರು, ಮೇಲೇರಲಿಲ್ಲ. ಆಮೇಲೆ ತಮ್ಮದೇ ಬೆರಳು ತೋರಿಸುತ್ತಿದ್ದ ಕಡೆ ನೋಡಿದರು: ಸಾಲು ಮನೆಗಳು, ಹಗ್ಗ, ಪುಟ್ಟ ಬಟ್ಟೆಗಳು.

ಒಳಹೋಗಿ ಪಾಯಸದ ತೂಕುಪಾತ್ರೆಯನ್ನು ಹಿಡಿಕೆ ಹಿಡಿದು ಎತ್ತಿಕೊಂಡು ಆ ಮನೆಗಳ ಕಡೆ ಇಳಿದು ಹೋದರು. ಗದ್ದೆ ಮಾರಿದ ಮೇಲೆ ಮಾವ ಆ ದಾರಿ ತುಳಿದವರಲ್ಲ. ಒಂದೊಂದೇ ಮನೆಯ ಬಾಗಿಲಲ್ಲಿ ನಿಲ್ಲುವುದು, ಪಾಯಸ ಬಡಿಸುವುದು, ಒಳಗೆ ಇಣುಕುವುದು ನನಗೆ ಕಾಣುತ್ತಿತ್ತು. ಪುಟ್ಟ ಬಟ್ಟೆಗಳಿದ್ದ ಆ ಮನೆಯೊಳಗೆ ಹೋದವರು ಬೇಗ ಹೊರಬರಲಿಲ್ಲ. ನಾನು ಕಿಟಕಿಯ ಸರಳು ಬಿಡಲಿಲ್ಲ.

ಅವರು ಮರಳಿದಾಗ ಇಲ್ಲಿ ಊಟ ಮುಗಿದಿತ್ತು. ಜಗಲಿಯಲ್ಲಿ ಕುಳಿತರು. ಖಾಲಿ ಪಾತ್ರೆಯನ್ನು ಕಾಲ ಬಳಿ ಇಟ್ಟರು.

“ಎಲ್ಲ ಮನೆಯಲ್ಲೂ ಕೇಳಿದೆ. ಯಾರಿಗೂ ಎಂತದೂ ಆಗಲಿಲ್ಲ.”

“ಆ ಮಗು?”

“ಮಲಗಿತ್ತು. ಮುಸುಕು ಹಾಕಿತ್ತು. ನನಗೆ ಧೈರ್ಯ ಬರಲಿಲ್ಲ ಮಗಾ. ಒಮ್ಮೆ ಎಬ್ಬಿಸಮ್ಮಾ, ನೋಡ್ತೇನೆ ಅಂದೆ. ಪಾಪ, ಎಂತಕ್ಕೆ ಅಂತ ಕೇಳದೆ ಎಬ್ಬಿಸಿದಳು.” ಮಾವ ಹೆಗಲ ಮೇಲಿನ ಬೈರಾಸಿನಿಂದ ಕಣ್ಣೊರೆಸಿಕೊಂಡರು. “ಒಳ್ಳೆ ಜೋರು ಅಳ್ತದೆ.”