ಏನ್ ಒತ್ತಿದ್ರಿ, ವೈನಿ?

ವೈನಿ, ಅಣ್ಣನ ಬೆರಳು ಹೋದದ್ದು ನಿಮ್ಮಿಂದಲ್ಲ, ನನ್ನಿಂದ. ಇದನ್ನು ಆ ದಿನವೇ ಹೇಳಬೇಕಿತ್ತು. ಅಣ್ಣನನ್ನು ಗಾಡಿಗೆ ಹತ್ತಿಸುವಾಗ, ಇಲ್ಲವೇ ಚಿಕ್ಕೋಡಿಯ ದವಾಖಾನೆಯ ಬಾಗಿಲಲ್ಲಿ ನೀವು ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಾಗಲಾದರೂ— ಹೇಳಲಿಲ್ಲ. ಯಾಕೆ ಎಂದು ಕೇಳಿದರೆ ಈಗಲೂ ನನ್ನ ಬಳಿ ಇರುವುದು ಒಂದೇ ಉತ್ತರ. ಹೆದರಿದ್ದೆ.

ಕೋಳಿಯ ಪುಕ್ಕ ಕೀಳುವ ಆ ಮಶೀನು ಮಾಡಿದ್ದೇ ನಿಮಗಾಗಿ. ಮುಗಳಖೋಡದ ರಸ್ತೆಗೆ ಹತ್ತಿದ ನಮ್ಮ ಹೊಲದ ಬದುವಿನಲ್ಲಿ ಅಣ್ಣನ ಕೋಳಿ ಅಂಗಡಿ. ಅವನು ಕೊಯ್ಯುವುದು, ಅವನ ಹೆಂಡತಿಯಾದ ನೀವು ಸುಡುವ ನೀರಲ್ಲಿ ಅದ್ದಿ ಪುಕ್ಕ ಕೀಳುವುದು. ಶ್ರಾವಣ ಮುಗಿಯಿತೆಂದರೆ ಗಿರಾಕಿಗಳು ಮುಗಿಬೀಳುತ್ತಿದ್ದರು. ಬೆರಳ ತುದಿಯ ಚರ್ಮ ಬೆಂದು, ರೊಟ್ಟಿ ಬಡಿಯಲಾಗದೆ ನೀವು ಒಲೆಯ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ಎಷ್ಟೋ ಸಲ ನೋಡಿದ್ದೆ. ನಾನೋ ಮೋಟಾರು ವೈಂಡಿಂಗ್ ಮಾಡುವವನು. ಇದೇನು ಮಹಾ ವಿದ್ಯೆ ಎಂದುಕೊಂಡೆ. ನೀಲಿ ಬ್ಯಾರಲ್ಲಿನ ಬಾಯಿ ಕತ್ತರಿಸಿ, ಸುತ್ತ ತೂತು ಕೊರೆದು, ಒಳಗೆಲ್ಲ ರಬ್ಬರಿನ ಬೆರಳು ಸಿಕ್ಕಿಸಿದೆ. ತಳದಲ್ಲಿ ತಿರುಗುವ ತಟ್ಟೆ ಕೂರಿಸಿದೆ. ಮೊದಲ ಕೋಳಿ ಗರಗರ ತಿರುಗಿ ಬೋಳಾಗಿ ಬಂದಾಗ ನೀವು ಬಾಯಿಗೆ ಸೆರಗು ಹಿಡಿದು ನಕ್ಕಿರಿ.

"ಭಾವಜಿ, ಕ್ಷೌರ ಮಾಡಿಸ್ಕೊಂಡ ಮದಮಗ ಕಂಡಂಗ ಕಾಣ್ತೈತಿ ನೋಡ್ರಿ!"

ಆ ನಗುವಿಗೆ ನಾನು ಉಬ್ಬಿಹೋದೆ.

ತಪ್ಪು ಎಲ್ಲಿತ್ತು ಎಂದು ಈಗ ಹೇಳುತ್ತೇನೆ. ನಮ್ಮ ಹೊಲದ ಲೈನಿನಲ್ಲಿ ಥ್ರೀ ಫೇಜ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ, ದೇವರಿಗೇ ಗೊತ್ತು. ಅದಕ್ಕೇ ಎಲ್ಲರೂ ಪಂಪಿನ ಸ್ಟಾರ್ಟರಿಗೆ ಆಟೋ ಹಾಕಿರುತ್ತಾರೆ. ಕರೆಂಟ್ ಬಂದ ಕೂಡಲೇ ಪಂಪು ತಾನೇ ಶುರುವಾಗುತ್ತದೆ, ಕಬ್ಬಿಗೆ ನೀರು ಹರಿಯುತ್ತದೆ, ಯಾರೂ ಎದ್ದು ಹೋಗಬೇಕಿಲ್ಲ. ನಾನು ಮಶೀನಿಗೆ ಜೋಡಿಸಿದ್ದು ನಮ್ಮ ಹಳೆಯ ಬಾವಿಯ ಮೋಟಾರು, ಅದರದೇ ಸ್ಟಾರ್ಟರ್ ಡಬ್ಬಿ. ಆಟೋ ತೆಗೆಯಬೇಕು ಎಂದು ನನಗೆ ಗೊತ್ತಿತ್ತು, ವೈನಿ. ನಾಳೆ ತೆಗೆದರಾಯಿತು ಎಂದುಕೊಂಡೆ— ಆ ನಾಳೆಗೆ ಇನ್ನೊಂದು ನಾಳೆ—

ಆ ಭಾನುವಾರ ಕರೆಂಟ್ ಹೋಯಿತು. ತಟ್ಟೆಯ ಸಂದಿಯಲ್ಲಿ ಕೋಳಿಯ ಕಾಲು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಲು ಅಣ್ಣ ಬ್ಯಾರಲ್ಲಿನೊಳಗೆ ಕೈ ಹಾಕಿದ. ನಾನು ಗಿರಾಕಿಗಳ ಮುಂದೆ ಬಡಾಯಿ ಕೊಚ್ಚುತ್ತ ನಿಂತಿದ್ದೆ. ನೀವು ಬೋರ್ಡಿನ ಹತ್ತಿರ ಹೋಗಿ, ಎಲ್ಲರೂ ಮಾಡುವಂತೆ, ಲೈಟು ಹತ್ತುತ್ತದೋ ಇಲ್ಲವೋ ಎಂದು ಬಲ್ಬಿನ ಬಟನ್ ಒತ್ತಿ ನೋಡಿದಿರಿ. ಕರೆಂಟ್ ಬಂದದ್ದು ಅದೇ ಗಳಿಗೆಗೆ. ಬಲ್ಬು ಹತ್ತಿತು, ತಟ್ಟೆ ತಿರುಗಿತು, ಅಣ್ಣ ಚೀರಿದ. ನಾನು ಓಡಿಹೋಗಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದೆ. ಆಗ ಎಲ್ಲರ ಕಣ್ಣೂ ನನ್ನ ಮೇಲಿತ್ತು. ನಾನು ತಿರುಗಿ ನಿಮ್ಮನ್ನು ನೋಡಿದೆ.

"ಏನ್ ಒತ್ತಿದ್ರಿ, ವೈನಿ?"

ಗಾಬರಿಯಲ್ಲಿ ಕೇಳಿದೆನೆಂದು ನನಗೆ ನಾನೇ ಎಷ್ಟು ವರ್ಷ ಹೇಳಿಕೊಂಡೆ! ಸುಳ್ಳು. ಮಶೀನು ಯಾಕೆ ತಿರುಗಿತು ಎಂಬುದು ಅದು ತಿರುಗಿದ ಕ್ಷಣವೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೇ ಕೇಳಿದೆ.

"ಲೈಟ್… ಲೈಟಿಂದಽ ಬಟನ್ ಒತ್ತಿದ್ನಿ…" ಎಂದು ನೀವು ನಿಮ್ಮ ಬೆರಳನ್ನೇ ನೋಡಿಕೊಂಡಿರಿ. ಕುಂಬಳಕಾಯಿ ಕಳ್ಳ ಅಂದರೆ ಕಳ್ಳ ಹೆಗಲು ಮುಟ್ಟಿಕೊಳ್ಳುತ್ತಾನಂತೆ. ಅಂದು ಏನೂ ಕದಿಯದ ನೀವು ಮುಟ್ಟಿ ನೋಡಿಕೊಂಡಿರಿ. ಕದ್ದ ನಾನು ನಿಮ್ಮನ್ನು ನೋಡುತ್ತ ನಿಂತಿದ್ದೆ.

ಆ ಒಂದು ಪ್ರಶ್ನೆ ಸಾಕಾಯಿತು. ನಾನು ನಿಮ್ಮ ಮೇಲೆ ಮತ್ತೆ ಯಾವ ಆಪಾದನೆಯನ್ನೂ ಹೊರಿಸಲಿಲ್ಲ— ಹೊರಿಸುವ ಅಗತ್ಯವೇ ಬೀಳಲಿಲ್ಲ. "ಗಂಡನ ಕೈ ತಿಂದ್ಲು ನೋಡ ಇಕಿ" ಎಂದಳು ಅವ್ವ. ಸಾಯುವ ತನಕ ಅದೇ ಮಾತು. ದವಾಖಾನೆಯಿಂದ ಬಂದ ಸಂಜೆ ನಾನು ಯಾರಿಗೂ ಕಾಣದಂತೆ ಆಟೋದ ವೈರು ಬಿಚ್ಚಿ ಕಬ್ಬಿನಲ್ಲಿ ಎಸೆದೆ. ವೈಂಡಿಂಗಿನವನ ಮಶೀನು ಒಡಹುಟ್ಟಿದವನ ಕೈಯನ್ನೇ ನುಂಗಿತು ಎಂದು ಊರು ಆಡಿಕೊಂಡರೆ ನನ್ನ ಅಂಗಡಿಗೆ ಯಾರು ಮೋಟಾರು ತರುತ್ತಾರೆ, ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಅಣ್ಣ ನಿಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಾನು ಬಾಯಿಬಿಡುತ್ತಿದ್ದೆನೇನೋ— ಇಲ್ಲ, ಅದೂ ಸುಳ್ಳೇ ಇರಬೇಕು.

ಅಂದಿನಿಂದ ನೀವು ಬಟನ್ ಮುಟ್ಟುವುದಿಲ್ಲ. ಫ್ಯಾನಿನದಾಗಲಿ, ಮಿಕ್ಸರಿನದಾಗಲಿ. ಸಂಜೆ ನಾನು ಅಂಗಡಿ ಮುಚ್ಚಿ ಬರುವಾಗ ಅಣ್ಣ ಇನ್ನೂ ಹೊಲದಲ್ಲಿದ್ದರೆ ಮನೆಯೆಲ್ಲ ಕತ್ತಲೆ. ನೀವು ಹೊಸ್ತಿಲ ಬಳಿ ಸುಮ್ಮನೆ ಕೂತಿರುತ್ತೀರಿ. "ಲೈಟ್ ಹಾಕ್ರಿ ಭಾವಜಿ" ಎನ್ನುತ್ತೀರಿ. ಹಾಕುತ್ತೇನೆ.

ಒಮ್ಮೆ ಹೇಳಲು ಹೊರಟಿದ್ದೆ. "ವೈನಿ, ಆ ದಿನ ಮಶೀನು…" ಅನ್ನುವಷ್ಟರಲ್ಲಿ ನಿಮ್ಮ ಕಣ್ಣು ತುಂಬಿತು.

"ಅದನ್ನ ತಗೀಬ್ಯಾಡ್ರಿ. ನೀವ್ ಓಡಿ ಬಂದು ಮಶೀನ್ ಬಂದ್ ಮಾಡಿದ್ರಿ ಅಂತ ಅವರದು ಅಷ್ಟಾದ್ರೂ ಕೈ ಉಳಿದೈತಿ. ನಿಮ್ಮ ಉಪಕಾರ ನಾ ಮರಿಯಂಗಿಲ್ರಿ."

ಆಮೇಲೆ ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಿರಿ, ಮೇಲೆ ತುಪ್ಪ. ಅದನ್ನೂ ಉಂಡೆದ್ದೆ. ನನ್ನಂಥವನಿಗೆ ಹಸಿವೂ ಸಾಯುವುದಿಲ್ಲ.

ಇಷ್ಟೆಲ್ಲ ಬರೆಯುವ ಧೈರ್ಯ ಈಗೆಲ್ಲಿಂದ ಬಂತು ಎಂದರೆ, ಅದರಲ್ಲೂ ಒಂದು ಕಳ್ಳತನವಿದೆ. ನೀವು ಗಡಿಯಾಚೆ ಗಡಹಿಂಗ್ಲಜ ಕಡೆಯವರು, ಕಲಿತದ್ದು ಮರಾಠಿ ಶಾಲೆಯಲ್ಲಿ. ನಮ್ಮ ಮನೆಗೆ ಬಂದು ಕನ್ನಡ ಮಾತಾಡಲು ಕಲಿತಿರಿ, ಓದಲು ಯಾರೂ ಕಲಿಸಲಿಲ್ಲ. ಈ ಹಾಳೆ ನಿಮ್ಮ ಕೈಗೇ ಸಿಕ್ಕರೂ, ಅಣ್ಣನಿಗೂ ಓದು ಬಾರದ್ದರಿಂದ, ಇದೇನೆಂದು ಕೇಳಲು ನೀವು ತರುವುದು ನನ್ನ ಬಳಿಗೇ. ಆಗ ಇದರಲ್ಲಿ ಇಂಥದ್ದು ಬರೆದಿದೆ ಎಂದು ನಾನು ಓದಿ ಹೇಳುತ್ತೇನೆಯೇ? ನನಗೆ ನನ್ನ ಮೇಲೆ ಭರವಸೆಯಿಲ್ಲ, ವೈನಿ. ಮರಾಠಿ ನನಗೂ ಬರುತ್ತದೆ; ದಿನಾ ಅಂಗಡಿಯಿಂದ ಹೊರಟು ದಾರಿಯುದ್ದಕ್ಕೂ, ತಪ್ಪು ನನ್ನದು ಎಂಬ ಮಾತನ್ನು ನಿಮ್ಮ ಮರಾಠಿಯಲ್ಲಿ ಬಾಯಿಪಾಠ ಮಾಡುತ್ತಲೇ ಮನೆಗೆ ಬರುತ್ತೇನೆ. ಬಾಗಿಲಲ್ಲಿ ನಿಮ್ಮ ಮುಖ ಕಂಡ ಕೂಡಲೇ, "ಚಹಾ ಮಾಡ್ರಿ, ವೈನಿ" ಅನ್ನುತ್ತೇನೆ.